ಔಷಧಿ ಹೊಡೆಯುವ ಎಚ್‌ಟಿಪಿ ಪಂಪಿನಲ್ಲಿ ಪ್ರೆಶರ್ ಏರುತ್ತಿಲ್ಲವೇ?
ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವಾಗ ಪ್ರೆಶರ್ ಏರದೆ ಗೇಜಿನ ಮುಳ್ಳು ಒಂದೇ ಸಮನೆ ಅದುರುತ್ತಿದ್ದರೆ ತಕ್ಷಣ ಪಂಪು ಬಿಚ್ಚಬೇಡಿ. ಡ್ರಮ್ಮಿನೊಳಗಿನ ಜಾಲರಿ ತೊಳೆದು, ಡ್ರಮ್ಮಿನಿಂದ ಔಷಧಿ ಎಳೆಯುವ ಸಕ್ಷನ್ ಪೈಪಿನ ಕ್ಲಿಪ್ಪು ಬಿಗಿ ಮಾಡಿ. ಡ್ರಮ್ಮಿಗೆ ವಾಪಸ್ ಬರುವ ರಿಟರ್ನ್ ಪೈಪಿನಲ್ಲಿ ಗುಳ್ಳೆ ಬರುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ.

ಆಮೇಲೂ ಸರಿಹೋಗದಿದ್ದರೆ ವಾಲ್ವ್ ನೋಡಿ. ನಮ್ಮ ಮಲೆನಾಡಲ್ಲಿ ಹೆಚ್ಚಿನ ತೊಂದರೆ ಇಲ್ಲೇ: ಕೊಳೆಗೆ ಹೊಡೆಯುವ ಬೋರ್ಡೋದ (ಮೈಲುತುತ್ತು, ಸುಣ್ಣದ ದ್ರಾವಣ) ಸುಣ್ಣದ ಹರಳು ವಾಲ್ವ್ ಕೂರುವ ಸೀಟಿನ ಮೇಲೆ ಕೂತರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಎಳೆದ ನೀರು ವಾಪಸ್ ಹೋಗುತ್ತದೆ. ಎಂಜಿನ್ ನಿಲ್ಲಿಸಿ, ಪ್ರೆಶರ್ ಇಳಿಸಿಯೇ ಬಿಚ್ಚಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಸೀಟಿನಲ್ಲಿ ಉಗುರಿಗೆ ಸಿಗುವಷ್ಟು ಗೀರಿದ್ದರೆ ಬದಲಿಸಲೇಬೇಕು.

ಪಂಪಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ದಯವಿಟ್ಟು ಹಾಗೇ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ಹರಳು ಪಂಪಿಗೆ ಹೋಗದಂತೆ, 100 ಲೀಟರ್ ಬೋರ್ಡೋಗೆ ಹಾಕುವ 1 ಕೆ.ಜಿ. ಸುಣ್ಣವನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ಸಂಜೆ ಕೆಲಸ ಮುಗಿದ ಮೇಲೆ 10 ನಿಮಿಷ, ಸ್ಪ್ರೇ ಗನ್ನಿನಲ್ಲಿ ನೀಲಿ ಬಣ್ಣ ಹೋಗುವವರೆಗೂ, ಚೊಕ್ಕ ನೀರು ಓಡಿಸಿ.