ಮಂಗಳೂರಲ್ಲಿ ಒಳ್ಳೆಯ ಕಾಫಿ ಬೇಕಾ? ಹೋಟೆಲ್ ಹುಡುಕಬೇಡಿ, ಪುಡಿ ಅಂಗಡಿ ಹುಡುಕಿ
ಹಂಪನಕಟ್ಟೆ, ರಥಬೀದಿ ಸುತ್ತ ತಿರುಗುವಾಗ ಕಾಫಿ ಬೀಜ ಹುರಿಯುವ ವಾಸನೆ ಬಂದರೆ ಸೀದಾ ಆ ಅಂಗಡಿಗೆ ಹೋಗಿ, ಕಾಲು ಕೆಜಿ ಪುಡಿ ಮಾಡಿಸಿಕೊಳ್ಳಿ, ಮಿಷನ್ ತಿರುಗುವಾಗಲೇ "ನಿಮ್ಮ ಪುಡಿ ಯಾವ ಹೋಟೆಲಿಗೆ ಹೋಗ್ತದೆ, ಚಿಕೋರಿ ಎಷ್ಟು ಹಾಕಿಸ್ತಾರೆ?" ಅಂತ ಕೇಳಿ. ಚಿಕೋರಿ (ಕಾಫಿ ಪುಡಿಗೆ ಬೆರೆಸುವ, ಹುರಿದ ಬೇರಿನ ಪುಡಿ) ಕಡಿಮೆ ಹಾಕಿಸುವ ಹೋಟೆಲಿನಲ್ಲೇ ಕುಡಿಯಿರಿ. ಯಾರು ಯಾವ ಹದದ ಪುಡಿ ಒಯ್ಯುತ್ತಾರೆ ಅಂತ ಪುಡಿ ಮಾಡಿಕೊಡುವವರಿಗೆ ಗೊತ್ತಿರುತ್ತದೆ, ಅಲ್ವಾ? ಚಿಕೋರಿ ಜಾಸ್ತಿಯಾದರೆ ಡಿಕಾಕ್ಷನ್ ಕಪ್ಪಗೆ ಗಟ್ಟಿಯಾಗಿ ಕಾಣುತ್ತದೆ, ಕಾಫಿಯ ಘಮ ಮಾತ್ರ ಇರುವುದಿಲ್ಲ. ಪ್ಯಾಕೆಟ್ ಪುಡಿಯಾದರೆ ಹಿಂದೆ ಬರೆದದ್ದನ್ನು ಓದಿ, ಚಿಕೋರಿ 49 ಶೇಕಡಾದವರೆಗೂ ಇರಬಹುದು. ಅನುಮಾನ ಬಂದರೆ ಒಂದು ಗ್ಲಾಸ್ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ: ಕಾಫಿ ತೇಲುತ್ತದೆ, ಚಿಕೋರಿ ಬೇಗ ಮುಳುಗಿ ನೀರಲ್ಲಿ ಕಂದು ಗೆರೆ ಎಳೆಯುತ್ತದೆ. ಆದರೆ ಎಷ್ಟೇ ಒಳ್ಳೆಯ ಪುಡಿಯಾದರೂ ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ ಮಧ್ಯಾಹ್ನಕ್ಕೆ ಕಹಿಯಾಗುತ್ತದೆ, ಹಾಗಾಗಿ ಬೆಳಿಗ್ಗೆಯೇ ಹೋಗಿ, ಇಲ್ಲವೇ ಸಂಜೆ ಹೊಸ ಡಿಕಾಕ್ಷನ್ ಇಳಿಸಿದ್ದಾರಾ ಅಂತ ಕೇಳಿ. ಭಾನುವಾರ ಸುಮಾರು ಪುಡಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಊರಿಗೆ ಒಯ್ಯುವ ಪುಡಿಯನ್ನು ಬಿಸಿ ಇರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಬೇಡಿ, ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ.