ಹದಿನಾರರ ಅಮ್ಮನ ಕತೆ ಬರೆಯುವವರಿಗೆ

ಮೊದಲು ಒಂದು ಕೆಲಸ ಮಾಡಿ. ನೀವು ಬರೆದಿಟ್ಟಿರುವ ಕತೆ ತೆಗೆದು, ಮಗು ಯಾವ ಪುಟದಲ್ಲಿ ಹುಟ್ಟುತ್ತದೆ ಅಂತ ನೋಡಿ. ಇನ್ನೂರು ಪುಟದ ಕಾದಂಬರಿಯಲ್ಲಿ ನೂರ ತೊಂಬತ್ತನೇ ಪುಟಕ್ಕೆ ಹುಟ್ಟಿದರೆ, ಅದು ಎಳೆ ವಯಸ್ಸಿನ ಅಮ್ಮನ ಕತೆ ಅಲ್ಲ, ಸಿಕ್ಕಿಬಿದ್ದ ಹುಡುಗಿಯ ಕತೆ. ಪ್ರೀತಿ, ಗುಟ್ಟು, ವಾಂತಿ, ಅಪ್ಪನ ಏಟು, ಆಸ್ಪತ್ರೆ, ಮುಗೀತು. ನನ್ನ ಮೊದಲ ಪ್ರತಿಯೂ ಹಾಗೇ ಇತ್ತು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಓದಲು ಕೊಟ್ಟಿದ್ದೆ. ಎರಡೇ ದಿನಕ್ಕೆ ವಾಪಸ್ ತಂದು, "ಮಗು ಆದ್ಮೇಲೆ ಏನಾಯ್ತು ಅಕ್ಕಾ? ಅವಳು ಪರೀಕ್ಷೆ ಬರೆದ್ಲಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಉತ್ತರ ಮಾತ್ರ. ಆ ಪ್ರತಿಯನ್ನು ಬದಿಗಿಟ್ಟು, ಮಗುವಿಗೆ ಹನ್ನೊಂದು ದಿನ ಆಗಿರುವಲ್ಲಿಂದ ಹೊಸದಾಗಿ ಶುರು ಮಾಡಿದೆ. ನೀವೂ ಅಲ್ಲಿಂದ ಶುರು ಮಾಡಿ ನೋಡಿ. ಹಿಂದಿನದು ಬೇಕಾದಾಗ ತಾನಾಗಿಯೇ ಬರುತ್ತದೆ.

ಯಾರ ಕತೆ ಅಂತ ಗಟ್ಟಿ ಮಾಡಿಕೊಳ್ಳಿ

ವಿದೇಶಿ ಸೀರಿಯಲ್‌ಗಳಲ್ಲಿ ಹದಿನಾರರ ಅಮ್ಮ ಅಂದರೆ ಮದುವೆಯಾಗದ ಹೈಸ್ಕೂಲ್ ಹುಡುಗಿ. ನಮ್ಮಲ್ಲಿ ಹದಿನಾರಕ್ಕೆ ಅಮ್ಮನಾದವಳ ಕೊರಳಲ್ಲಿ ಸಾಮಾನ್ಯವಾಗಿ ತಾಳಿ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 23.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕರ್ನಾಟಕದಲ್ಲಿ ಅದು ಶೇ 21.3. ಅಂದರೆ ಐವರಲ್ಲಿ ಒಬ್ಬಳು. ನಿಮ್ಮ ಓದುಗರ ಕ್ಲಾಸಿನಲ್ಲೇ ಒಂದು ಬೆಂಚಿನಲ್ಲಿ ಜಾಗ ಖಾಲಿ ಇರಬಹುದು. ಏಪ್ರಿಲ್‌ನಲ್ಲಿ ರಜೆ ಬಿಟ್ಟಾಗ ಇದ್ದವಳು ಜೂನ್‌ನಲ್ಲಿ ಬರಲಿಲ್ಲ, ಅಷ್ಟೇ. ಯಾರೂ ಜಾಸ್ತಿ ಕೇಳಲಿಲ್ಲ.

ಮದುವೆಯಾದವಳ ಕತೆ, ಮದುವೆಯಾಗದವಳ ಕತೆ ಪೂರ್ತಿ ಬೇರೆ ಬೇರೆ. ಮದುವೆಯಾಗದವಳ ಮನೆಯಲ್ಲಿ ಬಸಿರನ್ನೇ ಮುಚ್ಚಿಡುತ್ತಾರೆ. ಮದುವೆಯಾದವಳ ಮನೆಯಲ್ಲಿ ಬಸಿರು ಹಬ್ಬ, ಮುಚ್ಚಿಡುವುದು ವಯಸ್ಸನ್ನು. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಲು ಬಂದು ವಯಸ್ಸು ಕೇಳುತ್ತಾಳೆ. ಅತ್ತೆ "ಹತ್ತೊಂಬತ್ತು" ಅನ್ನುತ್ತಾಳೆ. ಆಧಾರ್ ಕಾರ್ಡ್ "ಎಲ್ಲೋ ಇಟ್ಟಿದೀವಿ, ಹುಡುಕಬೇಕು". ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಆಶಾ ಕಾರ್ಯಕರ್ತೆಗೂ ಗೊತ್ತು, ಅವಳೂ ಅದೇ ಊರಿನವಳು. ಈ ನಾಲ್ಕು ಮಾತಿನ ದೃಶ್ಯದಲ್ಲಿ ಎಷ್ಟು ಜನರ ಸುಳ್ಳು ಒಟ್ಟಿಗೆ ಕೂತಿದೆ ನೋಡಿ! ಇಂಥದ್ದು ಒಂದು ಸಿಕ್ಕರೆ ಒಂದು ಅಧ್ಯಾಯ ಸಿಕ್ಕ ಹಾಗೆ.

ಕಾನೂನು ಗೊತ್ತಿಲ್ಲದೆ ಆಸ್ಪತ್ರೆ ದೃಶ್ಯ ಬರೆಯಬೇಡಿ

ಇದು ಬೇಸರದ ಭಾಗ ಅನ್ನಿಸಬಹುದು. ಆದರೆ ಕತೆಯ ತಿರುವುಗಳೆಲ್ಲ ಇಲ್ಲೇ ಇವೆ.

ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದವರು ಮಕ್ಕಳು. "ಅವಳೂ ಒಪ್ಪಿದ್ದಳು" ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ವಿಷಯ ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಡಾಕ್ಟರ್ ಕೂಡ. ಹಾಗಾಗಿ ಹದಿನಾರರ ಹುಡುಗಿ ಹೆರಿಗೆಗೆ ಬಂದಾಗ ಡಾಕ್ಟರ್ ಸುಮ್ನೆ ನಕ್ಕು "ಗಂಡು ಮಗು" ಅಂದರು ಅಂತ ಬರೆದರೆ ನಂಬಲು ಕಷ್ಟ. ಒಂದೋ ಅಲ್ಲಿ ಪೊಲೀಸ್ ಬರಬೇಕು, ಇಲ್ಲ ಯಾರೋ ವಯಸ್ಸಿನ ಬಗ್ಗೆ ಸುಳ್ಳು ಹೇಳಿರಬೇಕು, ಇಲ್ಲ ಡಾಕ್ಟರೇ ಕಣ್ಣು ಮುಚ್ಚಿಕೊಂಡಿರಬೇಕು. ಮೂರರಲ್ಲಿ ಯಾವುದು ಅಂತ ನೀವು ನಿರ್ಧರಿಸಿ. ಗಂಡನಾದರೂ ವಿನಾಯಿತಿ ಇಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಬಾಲ್ಯವಿವಾಹವನ್ನು ಮೊದಲಿಂದಲೇ ಅಸಿಂಧು ಅಂತ ಮಾಡಿತು. ಕೊರಳಲ್ಲಿ ತಾಳಿ ಇದೆ, ಕಾನೂನಿನ ಲೆಕ್ಕದಲ್ಲಿ ಮದುವೆಯೇ ಆಗಿಲ್ಲ. ಇದನ್ನು ಹದಿನಾರರ ಹುಡುಗಿಗೆ ಯಾರಾದರೂ ಮೊದಲ ಸಲ ಹೇಳುವ ಹೊತ್ತು ಹೇಗಿರಬಹುದು? ಅವಳಿಗೆ ಬಿಡುಗಡೆ ಅನ್ನಿಸುತ್ತದಾ, ನೆಲ ಕುಸಿದ ಹಾಗಾಗುತ್ತದಾ? ನನ್ನ ಕತೆಯ ಹುಡುಗಿಗೆ ಎರಡೂ ಆಯಿತು.

ಗರ್ಭಪಾತದ ವಿಷಯ ಬಂದರೆ ವಾರಗಳ ಲೆಕ್ಕ ಸರಿ ಇರಲಿ. 2021ರ ತಿದ್ದುಪಡಿ ಆದ ಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಪ್ರಾಪ್ತರೂ ಸೇರಿದ ಕೆಲವರಿಗೆ 24 ವಾರದವರೆಗೆ ಅವಕಾಶ ಇದೆ, ಇಬ್ಬರು ವೈದ್ಯರು ಬೇಕು. 18ರೊಳಗಿನವಳಾದರೆ ಪೋಷಕರ ಲಿಖಿತ ಒಪ್ಪಿಗೆಯೂ ಬೇಕು. ಹುಡುಗಿಯೂ ಪೋಷಕರೂ ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಡಾಕ್ಟರ್ ಅವಳ ಹೆಸರು ಬಿಡಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ನೋಡಿ, "ಡೇಟ್ ಬಂದಿಲ್ಲ" ಅಂತ ಎರಡು ತಿಂಗಳು ಯಾರಿಗೂ ಹೇಳದೆ, ಇನ್ನೆರಡು ತಿಂಗಳು ಗೆಳತಿಗೆ ಮಾತ್ರ ಹೇಳಿ, ಐದನೇ ತಿಂಗಳಿಗೆ ಅಮ್ಮನಿಗೆ ಹೇಳುವ ಹುಡುಗಿಗೆ ಎಷ್ಟು ದಿನ ಉಳಿದಿದೆ? ಆ ದಿನಗಳ ಒತ್ತಡವನ್ನು ಓದುಗರಿಗೆ ಮುಟ್ಟಿಸಿ, ಭಾಷಣ ಬೇಡ.

ಮಗುವನ್ನು ಬಿಟ್ಟುಕೊಡುವ ಕತೆಯಾದರೆ ಮಕ್ಕಳ ಕಲ್ಯಾಣ ಸಮಿತಿ ಬರುತ್ತದೆ. ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಕಾನೂನು ಅರವತ್ತು ದಿನ ಕೊಡುತ್ತದೆ. ಅರವತ್ತು ದಿನ! ಎದೆಯಲ್ಲಿ ಹಾಲು ಇನ್ನೂ ಬತ್ತಿಲ್ಲ, ಕ್ಯಾಲೆಂಡರ್ ಮೇಲೆ ಗೀಟು ಹಾಕುತ್ತಿದ್ದಾಳೆ. ಇಡೀ ಕಾದಂಬರಿಗೆ ಅಷ್ಟು ಸಾಕು. ಯಾರಾದರೂ ಇದನ್ನು ಬರೆಯಲಿ ಅಂತ ನನಗೆ ತುಂಬಾ ಆಸೆ ಇದೆ.

ಎರಡು ಗಡಿಯಾರ

ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಒಂದು ದೊಡ್ಡ ಹಾಳೆ. ಎಡಗಡೆ ಮಗುವಿನ ವಾರಗಳು, ಬಲಗಡೆ ಶಾಲೆಯ ವರ್ಷ. ಮಗುವಿನ ಗಡಿಯಾರ ಎರಡು ಮೂರು ಗಂಟೆಗೊಮ್ಮೆ ಹೊಡೆಯುತ್ತದೆ, ಹಗಲು ರಾತ್ರಿ ಅಂತಿಲ್ಲ. ಶಾಲೆಯದು ಜೂನ್‌ನಿಂದ ಮಾರ್ಚ್. ಎರಡೂ ಎಲ್ಲಿ ಡಿಕ್ಕಿ ಹೊಡೆಯುತ್ತವೋ ಅಲ್ಲೇ ನಿಮ್ಮ ಅಧ್ಯಾಯ.

ಒಂದು ಉದಾಹರಣೆ ಕೊಡುತ್ತೇನೆ. ಜನವರಿ ಮೊದಲ ವಾರ ಹೆರಿಗೆ. ಮಾರ್ಚ್ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಗುವಿಗೆ ಎರಡೂವರೆ ತಿಂಗಳು. ಕನ್ನಡ ಪೇಪರಿಗೆ ಮೂರು ಗಂಟೆ ಚಿಲ್ಲರೆ ಒಳಗೆ ಕೂರಬೇಕು. ಅಷ್ಟು ಹೊತ್ತು ಮಗು ಹಾಲಿಲ್ಲದೆ ಇರುತ್ತದಾ? ಅವಳ ಅಮ್ಮ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಮಗು ಇಟ್ಟುಕೊಂಡು ಕೂತಿದ್ದಾಳೆ. ಎರಡನೇ ಗಂಟೆ ಹೊತ್ತಿಗೆ ಎಲ್ಲೋ ಒಂದು ಮಗು ಅಳುತ್ತದೆ. ಇವಳದ್ದೇ ಇರಬೇಕಂತಿಲ್ಲ. ಆದರೂ ಎದೆಯಲ್ಲಿ ಹಾಲು ಇಳಿಯುತ್ತದೆ, ಮಡಚಿ ಇಟ್ಟುಕೊಂಡ ಹಳೇ ಸೀರೆ ಬಟ್ಟೆ ದಾಟಿ ಸಮವಸ್ತ್ರ ಒದ್ದೆಯಾಗುತ್ತದೆ. ಅವಳು ದುಪಟ್ಟಾ ಎಳೆದುಕೊಂಡು ಪ್ರಬಂಧ ಮುಂದುವರಿಸುತ್ತಾಳೆ. ಪಕ್ಕದ ಸಾಲಿನ ಹುಡುಗ ನೋಡಿದನಾ? ಮೇಡಂ ನೋಡಿದರಾ? ನೋಡಿದ ಮೇಡಂ ಏನೂ ಹೇಳದೆ ಫ್ಯಾನಿನ ಕೆಳಗಿನ ಬೆಂಚಿಗೆ ಬಾ ಅನ್ನುತ್ತಾರಾ? ಇದನ್ನು ನಿಧಾನವಾಗಿ, ಹತ್ತು ಪುಟ ಬರೆಯಿರಿ. ಓದುವ ಹುಡುಗಿಗೆ ಪರೀಕ್ಷಾ ಕೊಠಡಿ ಗೊತ್ತು. ಹಾಲಿನ ಭಾರ ಗೊತ್ತಿಲ್ಲ. ಗೊತ್ತಿರುವುದರ ಒಳಗೆ ಗೊತ್ತಿಲ್ಲದ್ದನ್ನು ಇಟ್ಟರೆ ಅವಳು ಜೊತೆಗೆ ಬರುತ್ತಾಳೆ.

ಈಗ ಪರೀಕ್ಷೆ ಒಂದು ತಪ್ಪಿದರೆ ಪರೀಕ್ಷೆ ಎರಡು ಇದೆ, 2024ರಿಂದ ಈ ಪದ್ಧತಿ ಬಂದಿದೆ. ನಿಮ್ಮ ಹುಡುಗಿ ಮಾರ್ಚ್‌ನಲ್ಲಿ ಅರ್ಧಕ್ಕೆ ಎದ್ದು ಹೋಗಲೂಬಹುದು. ಆಮೇಲೆ ಮತ್ತೆ ಕೂರಬಹುದು.

ಬಾಣಂತಿ ಕೋಣೆ

ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾರೆ ಅಲ್ವಾ. ಬರಹಗಾರರಿಗೆ ಇದು ದೊಡ್ಡ ಅನುಕೂಲ. ಹುಡುಗಿ ತನ್ನದೇ ಊರಿಗೆ, ತನ್ನದೇ ಬೀದಿಗೆ ವಾಪಸ್ ಬರುತ್ತಾಳೆ. ಕತ್ತಲೆ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸುಡು ನೀರಿನ ಸ್ನಾನ, ಲೋಬಾನದ ಹೊಗೆ, ಅಂಟಿನ ಉಂಡೆ. ಹೊರಗೆ ಶಾಲೆಯ ಗಂಟೆ ಕೇಳುತ್ತದೆ, ಹತ್ತಿ ಇದ್ದರೂ ಕೇಳುತ್ತದೆ. ಎರಡನೇ ಬೆಲ್ ಆದರೆ ಗಣಿತ ಅಂತ ಅವಳಿಗೆ ಗೊತ್ತು. ಸಂಜೆ ಗೆಳತಿ ಮಗು ನೋಡಲು ಬಂದು, ಮಗುವಿನ ವಿಷಯ ಎರಡು ನಿಮಿಷ ಮಾತಾಡಿ, ಆಮೇಲೆ ಏನು ಮಾತಾಡುವುದು ತಿಳಿಯದೆ ಗೋಡೆ ನೋಡುತ್ತಾಳೆ. ಅವಳನ್ನು ಬಿಡಬೇಡಿ. ನಿಮ್ಮ ಓದುಗರಲ್ಲಿ ಹೆಚ್ಚಿನವರು ಆ ಗೆಳತಿಯೇ.

ಬಾಣಂತನ ಮಾಡುವ ಅಮ್ಮನ ವಯಸ್ಸು ಲೆಕ್ಕ ಹಾಕಿದ್ದೀರಾ? ಅವಳಿಗೂ ಹದಿನೇಳಕ್ಕೇ ಮಗಳು ಹುಟ್ಟಿದ್ದರೆ ಈಗ ಮೂವತ್ತಮೂರು. ಮೂವತ್ತಮೂರಕ್ಕೆ ಅಜ್ಜಿ. ಅವಳನ್ನು ಕೆಟ್ಟ ಅಮ್ಮ ಮಾಡುವುದು ಸುಲಭ. ಆದರೆ ಮಗಳ ಬೆನ್ನಿಗೆ ನೀರು ಹಾಕುವಾಗ ಅವಳಿಗೆ ತನ್ನ ಬೆನ್ನು ನೆನಪಾಗದೆ ಇರುತ್ತದಾ? ಮಧ್ಯಾಹ್ನ ಇಬ್ಬರೂ ಅಂಗನವಾಡಿಗೆ ಹೋಗುತ್ತಾರೆ, ಮಾತೃಪೂರ್ಣ ಊಟಕ್ಕೆ. 2017ರಿಂದ ಬಸುರಿ ಬಾಣಂತಿಯರಿಗೆ ಅಲ್ಲೇ ಬಿಸಿಯೂಟ ಶುರುವಾಯಿತು. ತಾನು ಅ ಆ ಕಲಿತ ಅದೇ ಕೋಣೆ, ಗೋಡೆ ಮೇಲೆ ಅದೇ ಆನೆ. ಅಲ್ಲಿ ಕೂತು ಮೊಟ್ಟೆ ಸುಲಿಯುವ ಹುಡುಗಿಯ ಬಗ್ಗೆ ನೀವು ಏನೂ ವಿವರಿಸಬೇಕಾಗಿಲ್ಲ.

ಮಗು ಗೊಂಬೆ ಅಲ್ಲ

ಹತ್ತು ಪುಟ ಮಗು ಮಲಗಿಯೇ ಇದ್ದರೆ ಏನೋ ತಪ್ಪಿದೆ. ವಯಸ್ಸಿಗೆ ತಕ್ಕ ಹಾಗೆ ಬರೆಯಿರಿ. ಆರು ವಾರದ ಹೊತ್ತಿಗೆ ಮುಖ ನೋಡಿ ನಗುವುದು. ನಾಲ್ಕು ತಿಂಗಳಿಗೆ ಕತ್ತು ನಿಲ್ಲುವುದು. ಒಂದೂವರೆ ತಿಂಗಳ ಸೂಜಿ ಹಾಕಿಸಿದ ರಾತ್ರಿ ಮೈ ಬಿಸಿಯಾಗಿ ಅಳುವುದು. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ. ನೆತ್ತಿ ಬಡಿದುಕೊಳ್ಳುವುದನ್ನು ಮೊದಲ ಸಲ ನೋಡಿದ ಹುಡುಗಿಗೆ ಎಷ್ಟು ಹೆದರಿಕೆಯಾಗುತ್ತದೆ, ಅದನ್ನೂ ಬರೆಯಿರಿ. ಹುಟ್ಟಿದಾಗ ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ತೂಕ ಕಡಿಮೆ ಅಂತ ಲೆಕ್ಕ. ಎಳೆ ವಯಸ್ಸಿನ ತಾಯಂದಿರ ಮಕ್ಕಳಲ್ಲಿ ಇದು ಜಾಸ್ತಿ. ಪ್ರತಿ ತಿಂಗಳು ತಕ್ಕಡಿ ಮುಂದೆ ನಿಂತ ಅವಳ ಎದೆ ಹೊಡೆದುಕೊಳ್ಳುವುದು ಫಲಿತಾಂಶದ ದಿನಕ್ಕಿಂತ ಕಡಿಮೆ ಏನಲ್ಲ.

ಅವಳಿಗೆ ಮಗುವಿನ ಮೇಲೆ ಯಾವಾಗಲೂ ಪ್ರೀತಿ ಉಕ್ಕಬೇಕಾಗಿಲ್ಲ. ಕೆಲವು ದಿನ ಏನೂ ಅನ್ನಿಸುವುದಿಲ್ಲ. ಕೆಲವು ದಿನ ಬರೀ ಅಳು. ಹೆರಿಗೆಯ ನಂತರದ ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, ಅವಳು ಕೆಟ್ಟವಳಲ್ಲ. ಇದನ್ನು ಕತೆಯೊಳಗೆ ಯಾರಾದರೂ ಒಬ್ಬರು ಅವಳಿಗೆ ಹೇಳಲಿ.

ಹುಡುಗನನ್ನು ಮಾಯ ಮಾಡಬೇಡಿ. ಅವನಿಗೆ ಹದಿನೇಳಾದರೆ ಬಾಲ ನ್ಯಾಯ ಮಂಡಳಿ, ಹತ್ತೊಂಬತ್ತಾದರೆ ಜೈಲು. ಗಂಡನಾಗಿದ್ದರೆ ಬೆಂಗಳೂರಿನ ಯಾವುದೋ ಕಟ್ಟಡದ ಮೇಲೆ ಸೆಂಟ್ರಿಂಗ್ ಕೆಲಸದಲ್ಲಿ ಇರಬಹುದು, ವಿಡಿಯೋ ಕಾಲ್‌ನಲ್ಲಿ ಮಗು ನೋಡುತ್ತಾನೆ, ಬಂದಾಗ ಎತ್ತಿಕೊಳ್ಳಲು ಕೈ ನಡುಗುತ್ತದೆ. ಗಂಡುಹುಡುಗರೂ ಈ ಪುಸ್ತಕ ಓದಬೇಕು ಅನ್ನುವುದಾದರೆ ಅವನಿಗೆ ಎರಡು ಅಧ್ಯಾಯ ಕೊಡಿ.

ಕೆಲವು ಬೇಡಗಳು

ಮೈ ಸಂಬಂಧದ ದೃಶ್ಯ ಬೇಡ. ಅವಳು ಮಗು. ಅದು ಪುಟದ ಮೇಲೆ ಬರಬೇಕಾಗಿಲ್ಲ, ಆಮೇಲಿನ ಭಯ, ಗೊಂದಲ ಬಂದರೆ ಸಾಕು.

ನಿಜವಾದ ಹುಡುಗಿಯೊಬ್ಬಳ ಕತೆ ಎತ್ತಿಕೊಂಡಿದ್ದರೆ ಊರು, ಜಾತಿ, ಮನೆತನ, ಆಸ್ಪತ್ರೆ ಎಲ್ಲ ಬದಲಿಸಿ. ಇಂಥ ಪ್ರಕರಣದ ಮಕ್ಕಳ ಗುರುತು ಹೊರಗೆಡಹುವುದು ಅಪರಾಧ, ಜೊತೆಗೆ ಅದು ಅವಳಿಗೆ ಮಾಡುವ ಮೋಸ. ಅಂಥ ಹೆಣ್ಣುಮಕ್ಕಳ ಜೊತೆ ಮಾತಾಡಲು ಸಿಕ್ಕರೆ "ಹೇಗಾಯ್ತು" ಅಂತ ಕೇಳಬೇಡಿ. ನೀನು ಸ್ನಾನಕ್ಕೆ ಹೋದಾಗ ಮಗುವನ್ನು ಯಾರು ಹಿಡಿದುಕೊಳ್ತಿದ್ರು ಅಂತ ಕೇಳಿ. ನನಗೆ ಇಡೀ ಮನೆಯ ಚಿತ್ರ ಸಿಕ್ಕಿದ್ದು ಈ ಒಂದು ಪ್ರಶ್ನೆಯಿಂದ.

ಬಾವಿ ಬೇಡ. ಐಎಎಸ್ ಕೂಡ ಬೇಡ. ಇಂಥ ಹುಡುಗಿಯನ್ನು ಬಾವಿಗೆ ಹಾರಿಸಿ ಕತೆ ಮುಗಿಸುವುದು ನಮ್ಮಲ್ಲಿ ಹಳೇ ಚಾಳಿ. ಅದನ್ನು ಬಿಟ್ಟರೆ ಕೊನೇ ಪುಟದಲ್ಲಿ ಜಿಲ್ಲಾಧಿಕಾರಿ ಮಾಡುವುದು. ಎರಡರಲ್ಲೂ ಮಧ್ಯದ ಹತ್ತು ವರ್ಷ ಕಳೆದುಹೋಗುತ್ತದೆ. ಪುಸ್ತಕದ ಕೊನೆಗೆ ಮಕ್ಕಳ ಸಹಾಯವಾಣಿ 1098 ಅಂತ ದೊಡ್ಡದಾಗಿ ಹಾಕಿಸಿ, ಪ್ರಕಾಶಕರು ಜಾಗ ಇಲ್ಲ ಅಂದರೂ ಬಿಡಬೇಡಿ.

ಭಾಷೆಯ ಬಗ್ಗೆ ಒಂದೇ ಮಾತು. ಕೊಪ್ಪಳದ ಹುಡುಗಿಯಾದರೆ ಕೊಪ್ಪಳದ ಹಾಗೆ, ಮಂಡ್ಯದವಳಾದರೆ ಮಂಡ್ಯದ ಹಾಗೆ ಮಾತಾಡಲಿ. "ತಾಯ್ತನ" ಅನ್ನುವ ಪದವನ್ನು ಅವಳ ಬಾಯಲ್ಲಿ ಹಾಕಬೇಡಿ. ಅವಳು "ಇದು ಯಾವಾಗ ಮಲಗತ್ತೆ?" ಅಂತ ಕೇಳುವವಳು. ಅವಳಿಗೆ ಈಗಲೂ ಕುಂಟೆಬಿಲ್ಲೆ ಆಡುವ ಆಸೆ, ಫೋನಿನಲ್ಲಿ ರೀಲ್ಸ್ ನೋಡುವ ಆಸೆ, ತಂಗಿಯ ಹೊಸ ಬ್ಯಾಗ್ ಕಂಡರೆ ಹೊಟ್ಟೆಕಿಚ್ಚು.

ಬರೆದು ಮುಗಿದ ಮೇಲೆ ಹದಿನೈದರ ಇಬ್ಬರು ಮೂವರಿಗೆ ಗಟ್ಟಿಯಾಗಿ ಓದಿ ಹೇಳಿ. ಎಲ್ಲಿ ಅವರು ಜಡೆ ಹೆಣೆಯಲು ಶುರು ಮಾಡುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನನ್ನ ಎರಡನೇ ಪ್ರತಿಯನ್ನು ಅದೇ ಹುಡುಗಿಗೆ ಓದಿದಾಗ ಪರೀಕ್ಷಾ ಕೊಠಡಿಯ ಪುಟಗಳಲ್ಲಿ ಅವಳು ಜಡೆ ಮುಟ್ಟಲಿಲ್ಲ. ಓದಿ ಮುಗಿಸಿದ ಮೇಲೆ "ಆ ಮೇಡಂ ಆಮೇಲೆ ಏನಾದ್ರೂ ಹೇಳಿದ್ರಾ?" ಅಂತ ಕೇಳಿದಳು. ಆ ರಾತ್ರಿ ಕೂತು ಮೇಡಂ ಅಧ್ಯಾಯ ಬರೆದೆ.