ಕಲಬುರಗಿಯ ಬಿಸಿಲಲ್ಲಿ ಸುಪ್ತ ವೈರಸ್ ಎಬ್ಬಿಸಿದ್ದು: ನನ್ನ ಅನುಭವ

ಬೊಂತಗಳ್ಳಿಯ ಹಾಲಿನ ಸಾರ ಜೆ-ಲ್ಯಾಟ್ ಕೋಶಗಳನ್ನು ಹಸಿರಾಗಿಸುತ್ತದೆ. ಎಚ್‌ಐವಿ ಕೆಲವು ಕೋಶಗಳಲ್ಲಿ ಔಷಧಕ್ಕೆ ಸಿಗದೆ ಸುಪ್ತವಾಗಿ ಮಲಗಿರುತ್ತದೆ, ಅದನ್ನು ಕೊಲ್ಲಬೇಕಾದರೆ ಮೊದಲು ಎಬ್ಬಿಸಬೇಕು. ಜೆ-ಲ್ಯಾಟ್ ಎಂದರೆ ಅಂಥ ಮಲಗಿದ ವೈರಸ್ ಇರುವ, ಅದು ಎದ್ದರೆ ಹಸಿರಾಗಿ ಹೊಳೆಯುವ ಪ್ರಯೋಗಾಲಯದ ಟಿ-ಕೋಶ (ಒಂದು ಬಗೆಯ ಬಿಳಿ ರಕ್ತಕಣ). ಸಿಒ2 ಇನ್‌ಕ್ಯುಬೇಟರ್ ಆಗಲಿ, ಹೊಳೆಯುವ ಕೋಶಗಳನ್ನು ಎಣಿಸುವ ಸ್ವಂತ ಫ್ಲೋ ಸೈಟೋಮೀಟರ್ ಆಗಲಿ ಇಲ್ಲದೆ ಇದನ್ನು ಕಲಬುರಗಿಯಲ್ಲೇ ಮಾಡಿ ತೋರಿಸಿದ್ದೇವೆ. ‘ಆ ಕಡೆ ತೊಗರಿ ಬೆಳೆಯುತ್ತದೆ, ಟಿ-ಕೋಶ ಬೆಳೆಯುವುದಿಲ್ಲ’ ಎಂದು ಸಮ್ಮೇಳನವೊಂದರ ಊಟದ ಸಾಲಿನಲ್ಲಿ ನಕ್ಕಿದ್ದ ಹಿರಿಯರೊಬ್ಬರಿಗೆ ಹಿಸ್ಟೊಗ್ರಾಮ್ ಕಳುಹಿಸಿ ತಿಂಗಳಾಯಿತು. ಉತ್ತರ ಬಂದಿಲ್ಲ.

ಕಲ್ಪನೆ ನನ್ನದೇನೂ ಅಲ್ಲ. ಇದೇ ಗಿಡದ ಇಂಜೆನಾಲ್ ಎಂಬ ರಾಸಾಯನಿಕದಿಂದ ತಯಾರಿಸಿದ ಎಸ್ಟರ್‌ಗಳು ಸುಪ್ತ ಎಚ್‌ಐವಿಯನ್ನು ಎಬ್ಬಿಸುತ್ತವೆ ಎಂದು ಬ್ರೆಜಿಲ್‌ನವರು 2014ರಲ್ಲೇ ಪ್ರಕಟಿಸಿದ್ದಾರೆ. ನಮ್ಮಲ್ಲಿ ಆ ಗಿಡ ಹೊಲದ ಬದುವಿನ ಬೇಲಿ. ಆಳಂದ ರಸ್ತೆಯುದ್ದಕ್ಕೂ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದು ಅದೊಂದೇ.

ಕೋಶ ತರಿಸುವುದರಲ್ಲೇ ವರ್ಷದ ಹತ್ತಿರ ಹೋಯಿತು. ಹೊರಕವಚದ ಎನ್ವ್ ವಂಶವಾಹಿ ಕೆಟ್ಟ, ನೆಫ್ ವಂಶವಾಹಿಯ ಜಾಗದಲ್ಲಿ ಹಸಿರು ಹೊಳೆಯುವ ಪ್ರೋಟೀನಿನ (ಜಿಎಫ್‌ಪಿ) ವಂಶವಾಹಿ ಕೂತ ವೈರಸ್ ಇನ್ನೊಂದು ಕೋಶಕ್ಕೆ ಹರಡಲಾರದು ಎಂದು ಜೈವಿಕ ಸುರಕ್ಷತಾ ಸಮಿತಿಗೆ ಬಿಡಿಸಿ ಹೇಳಿ ಹೇಳಿ ಸಾಕಾಯಿತು. ಮೊದಲ ವಯಲ್ ಬಂದಾಗ ಡಬ್ಬಿಯಲ್ಲಿ ಡ್ರೈ ಐಸ್‌ನ ಚೂರೂ ಉಳಿದಿರಲಿಲ್ಲ. ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ನೋಡಿದರೆ ಕಂಡದ್ದೆಲ್ಲ ನೀಲಿ. ಸಾಗಣೆ, ಸುಂಕ ಸೇರಿ ಎಪ್ಪತ್ತು ಸಾವಿರದಷ್ಟು ನೀರಲ್ಲಿ ಹೋಯಿತು. ಎರಡನೆಯ ಸಲ ಹುಡುಗನೊಬ್ಬನನ್ನು ಥರ್ಮಾಕೋಲ್ ಡಬ್ಬಿಯೊಂದಿಗೆ ವಿಮಾನ ನಿಲ್ದಾಣಕ್ಕೇ ಕಳುಹಿಸಿದೆ. ಜೆ-ಲ್ಯಾಟ್‌ನ 10.6 ಕ್ಲೋನ್ ಎಂಬ ತಳಿ ಜೀವಂತ ಬಂತು.

ಆಮೇಲೆ ಮೇ ತಿಂಗಳು. ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆಯೇ ಹೊರತು ತಣ್ಣಗೆ ಮಾಡುವುದಿಲ್ಲ ಎಂಬುದನ್ನು ಬೆಂಗಳೂರಿನವರು ಯೋಚಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಹೊರಗೆ 43 ಡಿಗ್ರಿ, ಕರೆಂಟ್ ಹೋಗಿ ಎಸಿ ನಿಂತ ಕೋಣೆಯೊಳಗೆ 40. ಪೆಟ್ಟಿಗೆಯ ಅಂಕಿ 37ರಿಂದ ಮೇಲೇರುತ್ತಲೇ ಇತ್ತು. ಕೋಶಗಳು ಸಾಯತೊಡಗಿದವು. ಇನ್ವರ್ಟರ್, ಬ್ಯಾಟರಿ ಎಂದು ಅರವತ್ತು ಸಾವಿರ ಸುರಿದರೂ ಎಸಿಯ ಭಾರ ಅದು ತಡೆಯಲಿಲ್ಲ. ಕೊನೆಗೆ ಉಪಾಯ ಕೊಟ್ಟವನು ನಮ್ಮ ಜವಾನ. ಕಟ್ಟಡದ ಹಿಂದೆ ಕಲ್ಲಿನ ಗೋಡೆ, ಶಹಾಬಾದ್ ಪರಸಿಯ ನೆಲವಿರುವ ಹಳೆಯ ಉಗ್ರಾಣವಿತ್ತು. ಹರಿದ ಫೈಲುಗಳನ್ನು ಹೊರಗೆ ಹಾಕಿಸಿ, ಸುಣ್ಣ ಹೊಡೆಸಿ, ಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸಿದೆವು. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ 32 ದಾಟುವುದಿಲ್ಲ.

ಆ ಬಿಸಿಯಲ್ಲಿ ಒಂದು ಉಪಕಥೆಯೂ ಸಿಕ್ಕಿತು. ಏನೂ ಹಾಕದ ಕಂಟ್ರೋಲ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಕೋಶ ಹಸಿರಿರುತ್ತವೆ. ಶಾಖ ಏರಿದ ದಿನಗಳಲ್ಲಿ ಅದು ಆರೇಳಕ್ಕೆ ಹೋಯಿತು. ಜ್ವರದ ಶಾಖದಲ್ಲಿ ಎಚ್‌ಐವಿ ಚುರುಕಾಗುತ್ತದೆ ಎಂದು ಪ್ಯಾರಿಸ್‌ನವರು 2012ರಲ್ಲಿ ಬರೆದಿದ್ದರು. ನಮಗೆ ಅದನ್ನು ಎಸ್ಕಾಂ ತೋರಿಸಿಕೊಟ್ಟಿತು ಎಂದು ಹುಡುಗರು ನಗುತ್ತಿದ್ದರು. ವಾಟರ್ ಬಾತ್‌ನಲ್ಲಿ 39.5ಕ್ಕೆ ಇಟ್ಟು ಮತ್ತೆ ಮಾಡಿ ನೋಡಿದೆ, ಏರಿತು. ಅದನ್ನು ಮುಂದೊಮ್ಮೆ ಹಿಡಿಯಬೇಕು.

ಕೋಶ ಬೆಳೆಸುವ ದ್ರವದ ಆಮ್ಲತೆ ಹದದಲ್ಲಿಡಲು ಸಿಒ2ಗೆ ಬದಲಾಗಿ 25 ಮಿಲಿಮೋಲಾರ್ ಹೆಪಿಸ್ ಎಂಬ ಬಫರ್, ಬಿಗಿ ಮುಚ್ಚಳ. ಮೇಣದಬತ್ತಿ ಜಾಡಿಯನ್ನೂ ಪರೀಕ್ಷಿಸಿದೆವು. ಬ್ಯಾಕ್ಟೀರಿಯಾಕ್ಕೆ ಸರಿ, ಜರ್ಕ್ಯಾಟ್ ಕೋಶಕ್ಕೆ (ಜೆ-ಲ್ಯಾಟ್‌ನ ಮೂಲ ಟಿ-ಕೋಶ) ಮಸಿ ಮಾತ್ರ ಸಿಕ್ಕಿತು. ಕೋಶ ಬೆಳೆಯಲು ದ್ರವಕ್ಕೆ ಬೆರೆಸುವ ಸೀರಂ ಮಾತ್ರ ಅಗ್ಗದ್ದು ಬೇಡ. ಐನೂರು ಮಿಲಿ ಬಾಟಲಿಗೆ ಮೂವತ್ತು ಸಾವಿರದ ಆಚೀಚೆ ಕೊಟ್ಟು, ಹತ್ತು ಪ್ರತಿಶತದ ಬದಲು ಏಳೆಂಟಕ್ಕೆ ಇಳಿಸಿ ಕಾಲ ತಳ್ಳಿದೆ. ಕೋಶಗಳು ಒಗ್ಗಿಕೊಂಡವು.

ಹಾಲು ಸಂಗ್ರಹಿಸುವಾಗ ಕಣ್ಣಿಗೆ ಕನ್ನಡಕ ಕಡ್ಡಾಯ. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಇಲ್ಲಿನ ರೈತರಿಗೆ ಚೆನ್ನಾಗಿ ಗೊತ್ತು, ಪಿಎಚ್‌ಡಿ ಹುಡುಗರಿಗೆ ಗೊತ್ತಿಲ್ಲ. ಹಾಲನ್ನು ನೇರ ಎಥನಾಲ್‌ಗೆ ಹಾಕಿದರೆ ರಬ್ಬರಿನ ಮುದ್ದೆಯಾಗಿ ಬೇಕಾದದ್ದೆಲ್ಲ ಅದರೊಳಗೇ ಸಿಕ್ಕಿಬೀಳುತ್ತದೆ. ಅದಕ್ಕೆ ಮೊದಲು ಮಾಡಬೇಕಾದ ಒಂದು ಹದವಿದೆ, ಯಾವ ತಿಂಗಳ ಹಾಲು ಎಂಬ ಗುಟ್ಟೂ ಇದೆ. ಪ್ರಬಂಧ ಪ್ರಕಟವಾಗುವವರೆಗೆ ಎರಡನ್ನೂ ಹೇಳುವುದಿಲ್ಲ.

ಮೊದಲ ಸಾರಗಳೆಲ್ಲ ಕೋಶ ಕೊಂದವು. ಸತ್ತ ಕೋಶವೂ ಮಂದವಾಗಿ ಹೊಳೆಯುತ್ತದೆ, ಗಿಡದ ಬಣ್ಣವೂ ಹೊಳೆಯುತ್ತದೆ. ಅದನ್ನು ನೋಡಿ ಕುಣಿದವರು ಬಹಳ. ಸಾಕ್ಷಿ ಬೇಕಾದರೆ ವೈರಸ್ ಇಲ್ಲದ ಬರಿ ಜರ್ಕ್ಯಾಟ್‌ಗೂ ಅದೇ ಸಾರ ಹಾಕಬೇಕು. ದುರ್ಬಲಗೊಳಿಸುತ್ತ ಹೋಗಿ ಮೈಕ್ರೋಗ್ರಾಮ್‌ಗಿಂತ ಕೆಳಗಿಳಿದಾಗ ಒಂದು ಬೆಳಿಗ್ಗೆ ತಟ್ಟೆಯ ಕುಳಿಯೊಂದರ ತಳದಲ್ಲಿ ಕೋಶಗಳು ಗೊಂಚಲು ಕಟ್ಟಿದ್ದವು, ಸುಪ್ತ ವೈರಸ್ಸನ್ನು ಜೋರಾಗಿ ಎಬ್ಬಿಸುವ ಪಿಎಂಎ ಎಂಬ ರಾಸಾಯನಿಕ ಹಾಕಿದಾಗ ಕಟ್ಟುವ ಹಾಗೆಯೇ. ಹಳೆಯ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದ ಕೆಳಗೆ ಗೊಂಚಲಿನ ಅಂಚಿನ ಕೋಶಗಳು ಸ್ಪಷ್ಟ ಹಸಿರು. ಪಕ್ಕದ ಕುಳಿಯ ಬರಿ ಜರ್ಕ್ಯಾಟ್‌ನಲ್ಲೂ ಗೊಂಚಲಿತ್ತು, ಹಸಿರಿರಲಿಲ್ಲ. ಅಂದು ಹುಡುಗರಿಗೆಲ್ಲ ಸೂಪರ್ ಮಾರ್ಕೆಟ್‌ನಿಂದ ಜಿಲೇಬಿ ತರಿಸಿದೆ.

ಫ್ಲೋ ಸೈಟೋಮೀಟರ್‌ನ ಅಂಕಿಗಾಗಿ ಹೈದರಾಬಾದಿಗೆ ಹೋಗಲೇಬೇಕಿತ್ತು. ಕೋಶಗಳನ್ನು ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಐಸ್ ಡಬ್ಬಿಯಲ್ಲಿಟ್ಟು, ಕತ್ತಲಲ್ಲಿ ಸುತ್ತಿ, ತಾಂಡೂರು ಮಾರ್ಗದ ರೈಲು ಹತ್ತುವುದು. ಮೆಥನಾಲ್ ಬಳಸಬೇಡಿ, ಜಿಎಫ್‌ಪಿ ಉಳಿಯುವುದಿಲ್ಲ. ಸ್ಯಾಂಪಲ್‌ಗೆ ನಾಲ್ಕುನೂರು ರೂಪಾಯಿಯಂತೆ ತೆಗೆದುಕೊಂಡರು. ನೆನಪಿನಿಂದ ಹೇಳುವುದಾದರೆ ನೂರರಲ್ಲಿ ಹಸಿರಾದ ಕೋಶಗಳು ಪಿಎಂಎಗೆ ಎಂಬತ್ತರ ಹತ್ತಿರ, ಎಬ್ಬಿಸುವ ಇನ್ನೊಂದು ಔಷಧ ವೊರಿನೊಸ್ಟಾಟ್‌ಗೆ ಇಪ್ಪತ್ತರ ಸುತ್ತ, ನಮ್ಮ ಸಾರವನ್ನು ಬೇರ್ಪಡಿಸಿ ತೆಗೆದ ಮೂರನೆಯ ಭಾಗಕ್ಕೆ ಐವತ್ತೈದು. ಪಿಕೆಸಿ (ಇಂಜೆನಾಲ್, ಪಿಎಂಎಗಳು ಕೋಶದೊಳಗೆ ಚುರುಕುಗೊಳಿಸುವ ಕಿಣ್ವ) ತಡೆಯುವ ರಾಸಾಯನಿಕ ಮೊದಲೇ ಹಾಕಿದರೆ ಹತ್ತಕ್ಕಿಂತ ಕೆಳಗೆ. ಈ ಕೊನೆಯ ಅಂಕಿಯಿಂದ ಅನುಮಾನಪಟ್ಟವರ ಬಾಯಿ ಮುಚ್ಚಿತು. ಕಾಡುಹರಳಿನ ಬೀಜದ ಎಣ್ಣೆಯನ್ನೂ ನೋಡಿದೆವು. ಅದರಲ್ಲಿ ಫಾರ್ಬಾಲ್ ಎಸ್ಟರ್‌ಗಳಿವೆ, ಎಬ್ಬಿಸುತ್ತದೆ, ಆದರೆ ವಿಷ ಹೆಚ್ಚು.

ಸುದ್ದಿ ಹರಡಿದ ಮೇಲೆ ‘ಕಳ್ಳಿಹಾಲು ಕುಡಿದರೆ ಏಡ್ಸ್ ಹೋಗುತ್ತದಂತೆ’ ಎಂದು ಫೋನ್‌ಗಳು. ಹೋಗುವುದಿಲ್ಲ, ಕರುಳು ಸುಡುತ್ತದೆ, ಎಚ್‌ಐವಿ ತಡೆಯುವ ಎಆರ್‌ಟಿ ಮಾತ್ರೆ ಬಿಡಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿದ್ದೇನೆ. ಇಂಜೆನಾಲ್ ಮೆಬ್ಯುಟೇಟ್ ಎಂಬ ಚರ್ಮದ ಜೆಲ್ಲನ್ನು ಕ್ಯಾನ್ಸರಿನ ಅನುಮಾನದಿಂದ ಯೂರೋಪಿನಲ್ಲಿ 2020ರಲ್ಲಿ ವಾಪಸು ಪಡೆದರು. ಅಲ್ಲದೆ ಎಬ್ಬಿಸುವುದು ಅರ್ಧ ಕೆಲಸ ಮಾತ್ರ. ವೊರಿನೊಸ್ಟಾಟ್ 2012ರಲ್ಲೇ ರೋಗಿಗಳಲ್ಲಿ ವೈರಸ್‌ನ ಆರ್‌ಎನ್‌ಎ ಎಬ್ಬಿಸಿತು. ಅದಕ್ಕೆ ಲಸಿಕೆ ಜೋಡಿಸಿದ ಬ್ರಿಟನ್ನಿನ ರಿವರ್ ಪ್ರಯೋಗ 2020ರಲ್ಲಿ ಬಂದಾಗ ಬಚ್ಚಿಟ್ಟುಕೊಂಡ ವೈರಸ್ಸಿನ ಪ್ರಮಾಣ ಬರಿ ಎಆರ್‌ಟಿಯವರಿಗಿಂತ ಕಡಿಮೆಯಾಗಿರಲಿಲ್ಲ. ಎದ್ದದ್ದನ್ನು ಕೊಲ್ಲುವವರು ಬೇಕು.

ನನಗೆ ಕಾಡುವುದು ಬೇರೆ ವಿಷಯ. ಜೆ-ಲ್ಯಾಟ್‌ನಲ್ಲಿರುವುದು ಎಚ್‌ಐವಿಯ ಬಿ ಉಪಬಗೆ, ನಮ್ಮ ಜನರಲ್ಲಿರುವುದು ಬಹುಪಾಲು ಸಿ. ಬಿ ಉಪಬಗೆಯ ಎಲ್‌ಟಿಆರ್‌ನಲ್ಲಿ (ವೈರಸ್ಸನ್ನು ಎಬ್ಬಿಸುವ ಸ್ವಿಚ್ಚಿನಂಥ ಭಾಗ) ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕೂರುವ ತಾಣಗಳು ಎರಡು, ಸಿಯಲ್ಲಿ ಸಾಮಾನ್ಯವಾಗಿ ಮೂರು. ನಾಲ್ಕಿರುವ ತಳಿಗಳನ್ನೂ ಬೆಂಗಳೂರಿನ ಜಕ್ಕೂರಿನಲ್ಲಿ ಉದಯಕುಮಾರ ರಂಗ ಅವರ ತಂಡ ವಿವರಿಸಿದೆ. ಪಿಕೆಸಿ ದಾರಿ ಕೊನೆಗೆ ಅದೇ ತಾಣಗಳಿಗೆ ಬಂದು ಸೇರುತ್ತದೆ. ಹಾಗಾಗಿ ಸಿ ಎಲ್‌ಟಿಆರ್ ಇರುವ ಕೋಶದಲ್ಲಿ ಕಳ್ಳಿ ಸಾರ ಇನ್ನೂ ಜೋರಾಗಿ ಕೆಲಸ ಮಾಡಬೇಕೆಂಬುದು ನನ್ನ ಪಣ. ಅದಕ್ಕೆ ಅನುದಾನ ಕೇಳಿದ್ದೇನೆ. ಕೋಶ ಕೇಳಿ ಬರೆಯುವವರಿಗೆ: ಒಪ್ಪಂದದಂತೆ ನಾನು ಹಂಚುವಂತಿಲ್ಲ, ನೀವೇ ಅರ್ಜಿ ಹಾಕಿ. ಮೂರನೆಯ ಭಾಗದ ಸಾರ ಬೇಕಾದರೆ ಸ್ವಲ್ಪ ಕೊಡಬಲ್ಲೆ, ಜರ್ಕ್ಯಾಟ್ ಕಂಟ್ರೋಲ್ ಇಟ್ಟೇ ಮಾಡುವೆನೆಂದು ಬರೆದು ಕೊಟ್ಟವರಿಗೆ.